ಪೆನ್‌ಡ್ರೈವ್ ಯಾರದ್ದು? ವಿಂಡೋಸ್ 11ರ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ನೋಡಿದ ಮೇಲೆ

ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮಲ್ಲಿ ಮೊದಲು ಬರುವ ಸಲಹೆ 'ಒಮ್ಮೆ ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬುದು. 2020ರಲ್ಲಿ ಕೊಂಡ ನಮ್ಮ ಮನೆಯ ಲ್ಯಾಪ್‌ಟಾಪನ್ನು ನಾನೂ ಹೀಗೆಯೇ ಹತ್ತಿರದ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟೆ. ಸಂಜೆಯೊಳಗೆ ಅದು ಕೈಗೆ ಬಂತು, ಚುರುಕಾಗಿಯೂ ಇತ್ತು. ಹೋಮ್ ಆವೃತ್ತಿಯಿದ್ದ ಜಾಗದಲ್ಲಿ ಪ್ರೊ ಬಂದಿತ್ತು, ಕೇಳದಿದ್ದರೂ ಆಫೀಸ್ ಬಂದಿತ್ತು. ಕೆಲವು ವಾರಗಳ ನಂತರ ವಿಂಡೋಸ್ ಸೆಕ್ಯುರಿಟಿಯ ಒಳಪುಟಗಳನ್ನು ತೆರೆದು ನೋಡಿದರೆ, ವೈರಸ್ ತಪಾಸಣೆಯಿಂದ ಹೊರಗಿಡಬೇಕಾದವುಗಳ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಸೇರಿಕೊಂಡಿತ್ತು. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಚಾಲನೆಯಲ್ಲಿದೆ ಎಂಬ ಹಸಿರು ಗುರುತು ಮಾತ್ರ ಎಂದಿನಂತೆ ಕಾಣುತ್ತಿತ್ತು. ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಮುರಿದ, ತಂತ್ರಾಂಶ ಕೆಲಸ ಮಾಡಬೇಕಾದರೆ ಕಾವಲುಗಾರನ ಕಣ್ಣು ಕಟ್ಟಲೇಬೇಕಲ್ಲ!

ಆ ಕ್ರ್ಯಾಕಿನ ಅಗತ್ಯವೇ ಇರಲಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ. ವಿಂಡೋಸ್ 8ರ ಕಾಲದಿಂದೀಚೆಗೆ, ವಿಂಡೋಸ್ ಸಮೇತ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಪರವಾನಗಿಯ ಕೀ ಮದರ್‌ಬೋರ್ಡಿನಲ್ಲಿಯೇ ಅಡಕವಾಗಿರುತ್ತದೆ. ಅದೇ ಆವೃತ್ತಿಯನ್ನು (ಹೋಮ್ ಇದ್ದಲ್ಲಿ ಹೋಮ್) ಮತ್ತೆ ಹಾಕಿದರೆ ಅನುಸ್ಥಾಪನೆಯ ಹೊತ್ತಿನಲ್ಲಿ ಕೀ ಕೇಳುವುದಿಲ್ಲ, ಇಂಟರ್ನೆಟ್ ಸಿಕ್ಕೊಡನೆ ಅದು ತಾನಾಗಿ ಸಕ್ರಿಯವಾಗುತ್ತದೆ. ಹಣ ಕೊಟ್ಟು ಕೊಂಡದ್ದನ್ನು ಅಳಿಸಿ, ಕದ್ದದ್ದನ್ನು ಹಾಕಿಸಿಕೊಂಡಂತಾಗಿತ್ತು ನನ್ನ ಸ್ಥಿತಿ.

ಹೀಗಾಗಿ ಎರಡನೆಯ ಬಾರಿ ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ಸಿದ್ಧಪಡಿಸಿಕೊಡುವ, ಮೈಕ್ರೋಸಾಫ್ಟಿನ ಉಚಿತ ಮೀಡಿಯಾ ಕ್ರಿಯೇಷನ್ ಟೂಲನ್ನು ನಾನೇ ಬಳಸಿದೆ. ಕಂಪನಿಯ ಜಾಲತಾಣದಿಂದ ಈ ಸಣ್ಣ ತಂತ್ರಾಂಶವನ್ನು ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಸಿಕ್ಕಿಸಿದರೆ, ಉಳಿದದ್ದನ್ನೆಲ್ಲ ಅದೇ ತಂದು ಜೋಡಿಸುತ್ತದೆ. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಸುಮಾರು 5 ಜಿಬಿಯಷ್ಟು ಡೌನ್‌ಲೋಡ್ ಇರುವುದರಿಂದ ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇದಕ್ಕೆ ಸಾಲದು. ಈ ಕೆಲಸವನ್ನು ಶಂಕೆಯಿರುವ ಕಂಪ್ಯೂಟರಿನಲ್ಲಿ ಮಾಡದೆ, ನಂಬಿಕೆಯ ಇನ್ನೊಂದು ವಿಂಡೋಸ್ ಯಂತ್ರದಲ್ಲಿ ಮಾಡುವುದು ಒಳ್ಳೆಯದು. ನಾನು ಅಕ್ಕನ ಮನೆಯ ಕಂಪ್ಯೂಟರನ್ನು ಆಶ್ರಯಿಸಿದೆ.

ಉಪಕರಣದ ಸರಳತೆಗೆ ನನ್ನ ಪೂರ್ಣ ಮೆಚ್ಚುಗೆಯಿದೆ. ಆದರೆ ಮರುಸ್ಥಾಪನೆಯ ಸುರಕ್ಷತೆಯ ಅರ್ಧಭಾಗವನ್ನು ಅದು ಬಳಕೆದಾರರಿಗೇ ಬಿಟ್ಟುಬಿಡುತ್ತದೆ. ಕಡತಗಳ ಪ್ರತಿ ತೆಗೆದಿಟ್ಟುಕೊಂಡಿದ್ದೀರಾ ಎಂದು ಅದು ಕೇಳುವುದಿಲ್ಲ. ಹಳೆಯ ಡಿಸ್ಕಿನಿಂದ ಏನನ್ನು ಉಳಿಸಿಕೊಳ್ಳಬಾರದು ಎಂದಂತೂ ಹೇಳುವುದೇ ಇಲ್ಲ. ಅಂಗಡಿಯವರು ಸಾಮಾನ್ಯವಾಗಿ ಸಿ ಡ್ರೈವನ್ನಷ್ಟೇ ಫಾರ್ಮ್ಯಾಟ್ ಮಾಡಿ ಡಿ ಡ್ರೈವನ್ನು ಹಾಗೆಯೇ ಬಿಡುತ್ತಾರೆ. ಗ್ರಾಹಕರಿಗೂ ಅದೇ ಬೇಕು. ನಮ್ಮ ಡಿ ಡ್ರೈವಿನಲ್ಲಿ 'ಸಾಫ್ಟ್‌ವೇರ್' ಎಂಬ ಫೋಲ್ಡರಿತ್ತು. ಎಲ್ಲೆಲ್ಲಿಂದಲೋ ಬಂದ ಸೆಟಪ್ ಕಡತಗಳು ಅದರಲ್ಲಿ ತುಂಬಿದ್ದವು, ಮತ್ತು ಪ್ರತಿ ಫಾರ್ಮ್ಯಾಟ್ ಆದ ಮೇಲೆ ನಾವು ಅಲ್ಲಿಂದಲೇ ಎಲ್ಲವನ್ನೂ ಮತ್ತೆ ಹಾಕಿಕೊಳ್ಳುತ್ತಿದ್ದೆವು. ರೋಗ ವಾಸಿಯಾದ ಮರುದಿನವೇ ಹಳೆಯ ಹಾಸಿಗೆಯಲ್ಲಿ ಮಲಗುವ ಪದ್ಧತಿಯಿದು. ಈ ಸಲ ಫೋಟೊ ಮತ್ತು ದಾಖಲೆಗಳನ್ನು ಮಾತ್ರ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅದನ್ನು ಕಳಚಿಟ್ಟು, ಲ್ಯಾಪ್‌ಟಾಪಿನ ಎಲ್ಲ ವಿಭಾಗಗಳನ್ನೂ ಅಳಿಸಿ ಹೊಸದಾಗಿ ಆರಂಭಿಸಿದೆ. ಪ್ರತಿ ಸರಿಯಾಗಿ ಬಂದಿದೆಯೆಂದು ಬೇರೆ ಯಂತ್ರದಲ್ಲಿ ತೆರೆದು ನೋಡುವವರೆಗೆ ಈ ಹೆಜ್ಜೆ ಇಡಬಾರದು.

ಹೊಸ ಓಎಸ್ (ಆಪರೇಟಿಂಗ್ ಸಿಸ್ಟಂ) ಪೂರ್ತಿ ನವೀಕರಣವಾಗುವ ಮುನ್ನ ಇಂಟರ್ನೆಟ್ಟಿಗೆ ಜೋಡಿಸಬೇಡಿ ಎಂಬ ಹಳೆಯ ಎಚ್ಚರಿಕೆ ಈಗಲೂ ಕೇಳಿಬರುತ್ತದೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಹುಳು (ಜಾಲದ ಮೂಲಕ ತಾನಾಗಿ ಹರಡುವ ದುಷ್ಟ ತಂತ್ರಾಂಶ) ಹರಡಿದಾಗ, ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಇಲ್ಲದ ವಿಂಡೋಸ್ ಎಕ್ಸ್‌ಪಿ ಯಂತ್ರಕ್ಕೆ ತಂತಿ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಸೋಂಕು ತಗಲುತ್ತಿದ್ದುದರಿಂದ ಆ ಮಾತಿಗೆ ಆಗ ಅರ್ಥವಿತ್ತು. 2004ರ ಸರ್ವೀಸ್ ಪ್ಯಾಕ್ 2ರಿಂದ ಫೈರ್‌ವಾಲ್ ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ. ಇಂದು ವಿಂಡೋಸ್ 11 ಹೋಮ್ ತನ್ನ ಆರಂಭಿಕ ಸಿದ್ಧತೆಯಲ್ಲಿಯೇ ಇಂಟರ್ನೆಟ್ ಕೇಳುತ್ತದೆ. ವೈಫೈ ಡ್ರೈವರ್ ಸಿಗದೆ ಆ ಪರದೆಯಲ್ಲಿ ಕೆಲಸ ನಿಂತರೆ, ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಮಾಡಿದರೆ (ಮೊಬೈಲಿನ ಇಂಟರ್ನೆಟ್ ಹಂಚಿಕೊಂಡರೆ) ಸಾಮಾನ್ಯವಾಗಿ ದಾರಿಯಾಗುತ್ತದೆ.

ಅದೇ ಹಂತದಲ್ಲಿ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಕಿರಿಕಿರಿ ಎನಿಸಿದರೂ ಇಲ್ಲಿ ಗಮನಿಸಬೇಕಾದ ಗಂಭೀರ ವಿಷಯವೊಂದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಸ್ಥಾಪಿಸಿ ಖಾತೆಯೊಳಗೆ ಪ್ರವೇಶಿಸಿದರೆ ಬಹುತೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಗೂಢಲಿಪೀಕರಣಗೊಳ್ಳುತ್ತದೆ (ಕೀ ಇಲ್ಲದೆ ಓದಲಾಗದಂತಾಗುತ್ತದೆ), ಮತ್ತು ಅದನ್ನು ಬಿಡಿಸುವ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಕೆಲಸ ಬೇಗ ಮುಗಿಯಲೆಂದು ಅಂಗಡಿಯವರದೋ ಸ್ನೇಹಿತರದೋ ಖಾತೆ ಹಾಕಿದರೆ ನಿಮ್ಮ ಮನೆಯ ಬೀಗದ ಕೈ ಅವರ ಮನೆಯಲ್ಲಿರುತ್ತದೆ. ನಾನು ಅಂಕಿಗಳನ್ನು ಕಾಗದದಲ್ಲಿ ಬರೆದು, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟಿದ್ದೇನೆ.

ನಂತರದ ಅರ್ಧ ಗಂಟೆ ಅಪ್‌ಡೇಟಿಗೆ ಹೋಯಿತು. ಹಳೆಯ ಸ್ಥಾಪನೆಯಲ್ಲಿ ಟೈಪಿಸಿದ್ದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡುಗಳನ್ನು ಬದಲಿಸಿದೆ, ಮಕ್ಕಳಿಗೆ ಅಡ್ಮಿನ್ ಅಧಿಕಾರವಿಲ್ಲದ ಬೇರೆ ಖಾತೆ ಮಾಡಿಕೊಟ್ಟೆ. ಬೇರೆ ಆಂಟಿವೈರಸ್ ಕೊಂಡಿಲ್ಲ; ಕಣ್ಣು ಕಟ್ಟದಿದ್ದರೆ ಮನೆಬಳಕೆಗೆ ಡಿಫೆಂಡರ್ ಸಾಕೆಂಬುದು ನನ್ನ ಅಭಿಪ್ರಾಯ.

ಕನ್ನಡಿಗರಿಗೆ ಇಲ್ಲೊಂದು ಪ್ರತ್ಯೇಕ ಅಪಾಯವಿದೆ. ಫಾರ್ಮ್ಯಾಟ್ ಆದೊಡನೆ ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ ಅಥವಾ ಬರಹ ಬೇಕೆಂದು ಗೂಗಲ್ ಮಾಡಿ, ಮೊದಲು ಕಂಡ ಜಾಲತಾಣದಿಂದ ಇಳಿಸಿಕೊಳ್ಳುವವರು ಬಹಳ. ನುಡಿಯನ್ನು ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ಪಡೆಯಬೇಕು. ಯೂನಿಕೋಡಿನಲ್ಲಿ ಬರೆಯುವವರಿಗಾದರೆ, 2019ರಿಂದ ವಿಂಡೋಸಿನಲ್ಲಿಯೇ ಕನ್ನಡದ ಫೊನೆಟಿಕ್ ಕೀಲಿಮಣೆ ಇರುವುದರಿಂದ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಹಳೆಯ ದಾಖಲೆಗಳಲ್ಲಿ ತುಂಗಾ ಫಾಂಟ್ ಕಾಣೆಯಾಗಿದ್ದರೆ ಅದನ್ನೂ ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಿಂದಲೇ ಪಡೆಯಬಹುದು.

ಈ ಉಪಕರಣ ಎಲ್ಲರಿಗೂ ಒದಗುವುದಿಲ್ಲ. ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇಲ್ಲದ ಅಥವಾ ಪ್ರೊಸೆಸರ್ ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಳೆಯದಾದ ಯಂತ್ರಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಕ್ಕೆ ಅಂಗಡಿಯಲ್ಲಿ ಅಡ್ಡದಾರಿಯಿಂದ 11 ಹಾಕಿಸುವುದಕ್ಕಿಂತ ಉಚಿತ ಓಎಸ್ ಆದ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅಲ್ಲಿ ಇಳಿಸಿಕೊಂಡ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಬದಲಾಗಿಲ್ಲವೆಂದು ಖಚಿತಪಡಿಸುವ ಬೆರಳಚ್ಚಿನಂಥ ಸಂಕೇತವನ್ನು) ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ ನೋಡುವ ಅವಕಾಶವೂ ಇದೆ. ಮೀಡಿಯಾ ಕ್ರಿಯೇಷನ್ ಟೂಲ್ ಈ ಪರಿಶೀಲನೆಯನ್ನು ನಮ್ಮ ಕಣ್ಣಿಗೆ ಕಾಣಿಸುವುದಿಲ್ಲ.

ನನ್ನ ಪೆನ್‌ಡ್ರೈವಿಗೆ ತಾರೀಖು ಬರೆದ ಚೀಟಿ ಅಂಟಿಸಿ ಎತ್ತಿಟ್ಟಿದ್ದೇನೆ. ವಿಂಡೋಸಿನ ಹೊಸ ಆವೃತ್ತಿ ವರ್ಷಕ್ಕೊಮ್ಮೆ ಬರುವುದರಿಂದ, ಮುಂದಿನ ಸಲ ಬೇಕಾದಾಗ ಇದನ್ನೇ ಬಳಸದೆ ಅಳಿಸಿ ಹೊಸದಾಗಿ ಮಾಡಿಕೊಳ್ಳಬೇಕು.