ರಾಕ್ ಐಲೆಂಡ್ 1911 ಜಿ.ಐ.: ಹಲವು ವರ್ಷಗಳ ಬಳಕೆಯ ನಂತರ

ಹಳೆಯ ಸೇನಾ ಮಾದರಿಯ ಪಿಸ್ತೂಲು ಬೇಕು, ಗುಣಮಟ್ಟವೂ ಇರಬೇಕು, ಆದರೆ ಸಾವಿರ ಡಾಲರ್ ಸುರಿಯಲು ಮನಸ್ಸಿಲ್ಲ ಎನ್ನುವ ಗೆಳೆಯರಿಗೆ ನಾನು ಕೊಡುವ ಉತ್ತರ ಇಷ್ಟು ವರ್ಷಗಳಲ್ಲಿ ಬದಲಾಗಿಲ್ಲ. ಫಿಲಿಪೈನ್ಸ್‌ನಲ್ಲಿ ತಯಾರಾಗುವ ರಾಕ್ ಐಲೆಂಡ್ 1911 ಜಿ.ಐ. (ಅಮೆರಿಕದ ಸೈನಿಕರಿಗೆ ಕೊಡುತ್ತಿದ್ದ ಹಳೆಯ ರೂಪದ) ಮಾದರಿಯನ್ನು ಕೊಳ್ಳಿ, ಉಳಿದ ಹಣವನ್ನು ತೋಟಾ ತುಂಬಿಡುವ ಒಳ್ಳೆಯ ಮ್ಯಾಗಜೀನುಗಳಿಗೂ ತೋಟಾಗಳಿಗೂ ಹಾಕಿ. ಟೆಕ್ಸಾಸ್‌ನಲ್ಲಿ ವಾರಾಂತ್ಯದ ಗುರಿ ಅಭ್ಯಾಸಕ್ಕೆಂದು ಕೊಂಡ ನನ್ನ ಪಿಸ್ತೂಲು ಇಂದಿಗೂ ಕಾರ್ಖಾನೆಯಿಂದ ಬಂದ ಅದೇ ಬ್ಯಾರೆಲ್, ಹಾರಿಸಿದ ತೋಟಾದ ಕವಚವನ್ನು ಹೊರಗೆಳೆಯುವ ಅದೇ ಎಕ್ಸ್‌ಟ್ರಾಕ್ಟರ್‌ನೊಂದಿಗೆ ಕೆಲಸ ಮಾಡುತ್ತಿದೆ. ಬದಲಿಸಿದ್ದು ಸ್ಪ್ರಿಂಗ್‌ಗಳನ್ನು ಮಾತ್ರ.

ನಾನು ಕೊಡಗಿನವನು. ಕೈಲ್ ಮುಹೂರ್ತದಂದು ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜಿಸುವ ಮನೆಯಲ್ಲಿ ಬೆಳೆದವನಿಗೆ ಆಯುಧದ ಬಗ್ಗೆ ಭಯಕ್ಕಿಂತ ಶಿಸ್ತು ಮೊದಲು ಬರುತ್ತದೆ. ಅಂಗಡಿಯಲ್ಲಿ ಪಿಸ್ತೂಲು ಕೈಗೆತ್ತಿಕೊಂಡಾಗ ನಾನು ನೋಡುವುದು ಅದರ ಉಕ್ಕನ್ನು, ಭಾಗಗಳು ಒಂದಕ್ಕೊಂದು ಕೂಡಿಕೊಂಡಿರುವ ರೀತಿಯನ್ನು. ಪೆಟ್ಟಿಗೆಯ ಮೇಲಿನ ಹೆಸರು ಆಮೇಲಿನ ಮಾತು.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಲಿನಾಯ್‌ನಲ್ಲಿರುವ ಅಮೆರಿಕ ಸರ್ಕಾರದ ರಾಕ್ ಐಲೆಂಡ್ ಆರ್ಸೆನಲ್‌ಗೂ ಈ ಪಿಸ್ತೂಲಿಗೂ ಸಂಬಂಧವಿಲ್ಲ. ಇದನ್ನು ತಯಾರಿಸುವುದು ಮನಿಲಾ ಪಕ್ಕದ ಮರಿಕಿನಾದ ಆರ್ಮ್ಸ್‌ಕೋರ್ ಕಂಪನಿ. ಹಾಗೆಯೇ ಇಂದಿನ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಒಂದು ಖಾಸಗಿ ಕಂಪನಿ. ಅದೇ ಹೆಸರಿನ ಸರ್ಕಾರಿ ಕಾರ್ಖಾನೆ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲೇ ಮುಚ್ಚಿತು. ಹಳೆಯ ಹೆಸರು ಕಂಡ ಮಾತ್ರಕ್ಕೆ ಸೇನೆಯ ಪರಂಪರೆಯನ್ನೇ ಕೊಳ್ಳುತ್ತಿದ್ದೇವೆ ಎಂದು ಯಾರೂ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಪರಂಪರೆಯೇ ಬೇಕಿದ್ದರೆ ಈ ಪಿಸ್ತೂಲಿನ ಹುಟ್ಟಿನಲ್ಲಿ ಫಿಲಿಪೈನ್ಸ್ ಮೊದಲಿನಿಂದಲೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಮೋರೋ ಹೋರಾಟಗಾರರ ಎದುರು ಅಮೆರಿಕದ ಸೈನಿಕರ .38 ರಿವಾಲ್ವರುಗಳು ಸಾಲದಾದವು. 1904ರಲ್ಲಿ ನಡೆದ ಥಾಂಪ್ಸನ್–ಲಗಾರ್ಡ್ ಪರೀಕ್ಷೆಗಳು ಸೇನೆಯ ಕೈಬಂದೂಕಿಗೆ .45 ಇಂಚಿಗಿಂತ ಕಡಿಮೆ ವ್ಯಾಸದ ಗುಂಡು ಬೇಡ ಎಂದವು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು ಕೊನೆಯ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿ, 1911ರ ಮಾರ್ಚ್ 29ರಂದು ಅಮೆರಿಕದ ಸೇನೆಯ ಅಧಿಕೃತ ಪಿಸ್ತೂಲಾಯಿತು. 1985ರಲ್ಲಿ ಬೆರೆಟಾ ಬರುವವರೆಗೂ ಅದೇ ಸ್ಥಾನದಲ್ಲಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಟೈಪ್‌ರೈಟರ್ ಕಂಪನಿಯಾದ ರೆಮಿಂಗ್ಟನ್ ರ‍್ಯಾಂಡ್, ಹೊಲಿಗೆ ಯಂತ್ರದ ಸಿಂಗರ್ ಕೂಡ ಇದನ್ನು ತಯಾರಿಸಿದವು; ಸಿಂಗರ್ ಮಾಡಿದ್ದು ಬರೀ 500. ಬಂದೂಕಿನ ಅನುಭವವಿಲ್ಲದ ಕಾರ್ಖಾನೆಗಳೂ ನಕ್ಷೆಯಂತೆ ಮಾಡಿ ಯುದ್ಧಕ್ಕೆ ಕಳಿಸಬಹುದಾಗಿದ್ದ ವಿನ್ಯಾಸ ಇದು. ಹಾಗಿರುವಾಗ ಮರಿಕಿನಾದಲ್ಲೋ ಟಿಸಾಸ್ ಕಂಪನಿಯಿರುವ ಟರ್ಕಿಯ ಟ್ರಾಬ್‌ಜಾನ್‌ನಲ್ಲೋ ಮಾಡಿದ್ದು ಕಳಪೆಯೇ ಇರಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಆಯ್ಕೆಗೆ ಬರೋಣ. ನನ್ನ ಮುಂದೆ ಇದ್ದ ದಾರಿಗಳು ಹಲವು. ಕೋಲ್ಟ್ ಗವರ್ನಮೆಂಟ್ ಸಾವಿರ ಡಾಲರಿನ ಆಸುಪಾಸು. ಸ್ಪ್ರಿಂಗ್‌ಫೀಲ್ಡ್ ಮಿಲ್-ಸ್ಪೆಕ್ ಏಳೆಂಟು ನೂರು. ರಾಕ್ ಐಲೆಂಡ್ ಮತ್ತು ಟರ್ಕಿಯ ಟಿಸಾಸ್ ಐನೂರರ ಒಳಗೋ ಸ್ವಲ್ಪ ಹೊರಗೋ. ಸೇನೆಯೇ ಬಳಸಿ ಬಿಟ್ಟ ನಿಜವಾದ ಪಿಸ್ತೂಲುಗಳನ್ನು ನಾಗರಿಕರ ಗುರಿ ಅಭ್ಯಾಸವನ್ನು ಉತ್ತೇಜಿಸುವ ಸಂಸ್ಥೆಯಾದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ 2018ರಿಂದ ಮಾರುತ್ತಿದೆ. ಇತಿಹಾಸವನ್ನು ಕೈಯಲ್ಲಿ ಹಿಡಿಯಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಪ್ರತಿ ವಾರ ಗುಂಡು ಹಾರಿಸಿ ಅದನ್ನು ಸವೆಸಲು ನನಗೆ ಮನಸ್ಸು ಬಾರದು. ಸೋವಿಯತ್ ಮೂಲದ ಟೋಕರೆವ್ ವಂಶದ ಪಿಸ್ತೂಲುಗಳ ತೋಟಾ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಬ್ರೌನಿಂಗ್ ಹೈ-ಪವರ್ ಮೇಲೆ ನನಗೆ ವಿಶೇಷ ಪ್ರೀತಿಯಿದೆ. ನಮ್ಮ ಸೇನೆಯ, ಪಶ್ಚಿಮ ಬಂಗಾಳದ ಈಶಾಪುರದಲ್ಲಿ ತಯಾರಾಗುವ 9 ಎಂ.ಎಂ. 1ಎ ಪಿಸ್ತೂಲು ಅದರದೇ ರೂಪ. ಅದು ಇನ್ನೊಂದು ದಿನದ ಬರಹಕ್ಕಿರಲಿ.

ಬೆಲೆಯ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಆಯ್ಕೆ ಸುಲಭ. ರಾಕ್ ಐಲೆಂಡ್‌ನ ಫ್ರೇಮ್ (ಹಿಡಿ ಸೇರಿದ ಕೆಳಗಿನ ಮುಖ್ಯ ಚೌಕಟ್ಟು) ಎರಕದ್ದು. ಸ್ಪ್ರಿಂಗ್‌ಫೀಲ್ಡ್ ಮತ್ತು ಟಿಸಾಸ್‌ನದು ಕಾದ ಉಕ್ಕನ್ನು ಅಚ್ಚಿನಲ್ಲಿ ಒತ್ತಿ ರೂಪಿಸಿದ್ದು. ಕಾಗದದ ಮೇಲೆ ಎರಡನೆಯದು ಗಟ್ಟಿ. ಆದರೆ ರೂಗರ್ ಕೂಡ ತನ್ನ 1911ಕ್ಕೆ ಎರಕದ ಫ್ರೇಮನ್ನೇ ಬಳಸುತ್ತದೆ, ಮತ್ತು .45 ತೋಟಾದ ಒತ್ತಡ 9 ಎಂ.ಎಂ.ಗಿಂತ ಸಾಕಷ್ಟು ಕಡಿಮೆ. ನನ್ನ ಫ್ರೇಮಿನ ಹಳಿಗಳಲ್ಲಿ ಬಣ್ಣ ಸವೆದು ಉಕ್ಕು ಹೊಳೆಯುತ್ತಿದೆ. ಬಿರುಕಿಲ್ಲ, ಅತಿಯಾದ ಸಡಿಲವೂ ಇಲ್ಲ. ಸಾಮಾನ್ಯ ಬಳಕೆದಾರನ ಆಯುಷ್ಯಕ್ಕೆ ಎರಕದ ಫ್ರೇಮ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನ ಪಾರ್ಕರೈಸ್ಡ್ ಲೇಪ ಮಂಕಾಗಿ, ಒರಟಾಗಿ ಕಾಣುತ್ತದೆ. ಆದರೆ ಆ ಫಾಸ್ಫೇಟ್ ಪದರ ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತದೆ; ಇಲ್ಲಿನ ಬೇಸಿಗೆಯ ಬೆವರಿಗೂ ತುಕ್ಕು ಕಂಡಿಲ್ಲ.

ಹಣಕ್ಕೆ ತಕ್ಕ ಗುಣ ಬೇಕೆನ್ನುವವರು ನಿಜವಾಗಿ ಗಮನಿಸಬೇಕಾದದ್ದು ಎರಡೇ ಭಾಗಗಳು: ಮ್ಯಾಗಜೀನ್ ಮತ್ತು ಎಕ್ಸ್‌ಟ್ರಾಕ್ಟರ್. 1911ರ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಬಂದೂಕು ಮೇಳದಲ್ಲಿ ಅಗ್ಗಕ್ಕೆ ಸಿಕ್ಕ, ಯಾರ ಮುದ್ರೆಯೂ ಇಲ್ಲದ ಮ್ಯಾಗಜೀನುಗಳು ನನ್ನ ಪಿಸ್ತೂಲಿನಲ್ಲಿ ತೋಟಾವನ್ನು ಮೂತಿ ಮೇಲೆತ್ತಿ ನಿಲ್ಲಿಸುತ್ತಿದ್ದವು, ಹಿಂದೆ ಮುಂದೆ ಸರಿಯುವ ಮೇಲಿನ ಭಾಗವಾದ ಸ್ಲೈಡ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅವನ್ನು ಪಕ್ಕಕ್ಕಿಟ್ಟು ಇಟಲಿಯ ಮೆಕ್-ಗಾರ್‌ನ ಏಳು ತೋಟಾದ ಮ್ಯಾಗಜೀನ್ ಹಾಕಿದ ಕೂಡಲೇ ಅದೇ ಪಿಸ್ತೂಲು, ಅದೇ ತೋಟಾ ಸರಾಗವಾಗಿ ನಡೆದವು. ಹಳೆಯ ಸೇನಾ ಮ್ಯಾಗಜೀನಿನ ತುಟಿಗಳು ಮುಂದಕ್ಕೆ ಹೋದಂತೆ ಕ್ರಮೇಣ ಅಗಲವಾಗುತ್ತವೆ. ತೋಟಾದ ಬುಡ ನಿಧಾನವಾಗಿ ಬಿಡುಗಡೆಯಾಗಿ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆಯ ಕೆಳಗೆ ಜಾರುತ್ತದೆ. ಒಳಗಿನ ತಟ್ಟೆಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ; ಕೊನೆಯ ತೋಟಾ ಧಕ್ಕೆಗೆ ಮುಂದಕ್ಕೆ ಜಾರದಂತೆ ತಡೆಯುವುದು ಅದೇ. ಕೊಳ್ಳುವಾಗ ಆ ಉಬ್ಬು ಇದೆಯೇ ಎಂದು ನೋಡಿ.

ಎಕ್ಸ್‌ಟ್ರಾಕ್ಟರ್ ಎಂದರೆ ಸ್ಲೈಡಿನೊಳಗೆ ಉದ್ದಕ್ಕೆ ಕೂರುವ ಉಕ್ಕಿನ ಕಡ್ಡಿ. ಅದಕ್ಕೆ ಬೇರೆ ಸ್ಪ್ರಿಂಗ್ ಇಲ್ಲ. ತನ್ನದೇ ಬಾಗುವಿಕೆಯಿಂದ ತೋಟಾದ ಅಂಚನ್ನು ಹಿಡಿಯುತ್ತದೆ. ಇದನ್ನು ಪರೀಕ್ಷಿಸುವ ಹಳೆಯ ವಿಧಾನವೊಂದಿದೆ. ಸ್ಲೈಡನ್ನು ಪೂರ್ತಿ ಕಳಚಿ, ಮದ್ದಿಲ್ಲದ ಅಭ್ಯಾಸದ ತೋಟಾವೊಂದನ್ನು ಕೊಕ್ಕೆಯ ಕೆಳಗೆ ಸಿಕ್ಕಿಸಿ, ಮೆಲ್ಲಗೆ ಅಲುಗಾಡಿಸಿ. ತೋಟಾ ಅಲ್ಲೇ ನಿಂತರೆ ಸರಿ. ಬಿದ್ದರೆ ಹಿಡಿತ ಸಡಿಲ, ಒಳಕ್ಕೆ ತಳ್ಳಲು ಬಲ ಬೇಕಾದರೆ ಹಿಡಿತ ಅತಿ ಬಿಗಿ. ಬಂದೂಕು ರಿಪೇರಿ ಬಲ್ಲವರು ಅದನ್ನು ಸ್ವಲ್ಪ ಬಾಗಿಸಿ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ. ನನ್ನದಕ್ಕೆ ಆ ಅಗತ್ಯ ಬರಲಿಲ್ಲ. ಎರಡು ಪಟ್ಟು ಬೆಲೆಯ ಪಿಸ್ತೂಲಿಗೂ ಈ ಪರೀಕ್ಷೆ ತಪ್ಪದು ಎಂಬುದನ್ನು ನೆನಪಿಡಿ.

ಇನ್ನು ಹಾರಿಸುವ ಅನುಭವ. ಇದರ ಟ್ರಿಗರ್ ಕೀಲಿನ ಮೇಲೆ ತಿರುಗದೆ ನೇರವಾಗಿ ಹಿಂದಕ್ಕೆ ಸರಿಯುತ್ತದೆ. ಈಗಿನ ಪ್ಲಾಸ್ಟಿಕ್ ಫ್ರೇಮಿನ ಪಿಸ್ತೂಲುಗಳಿಂದ ಬಂದವರು ಮೊದಲ ಗುಂಡಿಗೇ ವ್ಯತ್ಯಾಸ ಗುರುತಿಸುತ್ತಾರೆ: ಒಂದಿಷ್ಟು ಸಡಿಲ, ಆಮೇಲೆ ಗೋಡೆಯಂತಹ ನಿಲುಗಡೆ, ಆಮೇಲೆ ಸ್ಪಷ್ಟ ಬಿಡುಗಡೆ. ಜಿ.ಐ. ಮಾದರಿಯಲ್ಲಿ ಹಳೆಯ ವಿನ್ಯಾಸದಂತೆಯೇ ಫೈರಿಂಗ್ ಪಿನ್ (ತೋಟಾದ ಬುಡಕ್ಕೆ ಬಡಿಯುವ ಕಡ್ಡಿ) ತಡೆಯುವ ಹೆಚ್ಚುವರಿ ಸನ್ನೆಕೋಲುಗಳಿಲ್ಲ, ಹಾಗಾಗಿ ಎಳೆತ ಹಗುರ. ಅದರ ಇನ್ನೊಂದು ಮುಖವನ್ನೂ ಹೇಳಬೇಕು: ತೋಟಾ ತುಂಬಿದ ಪಿಸ್ತೂಲು ಎತ್ತರದಿಂದ ಮೂತಿ ಕೆಳಗಾಗಿ ಬಿದ್ದರೆ ಪಿನ್ ತನ್ನದೇ ತೂಕದಿಂದ ಮುನ್ನುಗ್ಗುವ ಸಾಧ್ಯತೆಯಿದೆ. ಕೋಲ್ಟ್ 1983ರಲ್ಲಿ ತಡೆ ಅಳವಡಿಸಿದ್ದು ಇದಕ್ಕೇ. ಸದಾ ಸೊಂಟದಲ್ಲಿ ಒಯ್ಯುವ ಉದ್ದೇಶವಿದ್ದವರು ಈ ಅಂಶವನ್ನು ಗಂಭೀರವಾಗಿ ಪರಿಗಣಿಸಲಿ. ನಾನು ಗುರಿ ಅಭ್ಯಾಸಕ್ಕೆ ಮಾತ್ರ ಬಳಸುತ್ತೇನೆ.

ಖಾಲಿ ತೂಕವೇ ಸುಮಾರು 1.1 ಕಿಲೋ. 230 ಗ್ರೇನ್ (ಸುಮಾರು 15 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗಕ್ಕಿಂತ ಕಡಿಮೆ. ಹಿಂದೊದೆತ ಚುಚ್ಚುವುದಿಲ್ಲ, ನಿಧಾನವಾಗಿ ತಳ್ಳುತ್ತದೆ. ಭಾರದ ಉಕ್ಕು ಅದರ ಬಹುಪಾಲನ್ನು ನುಂಗುತ್ತದೆ. 15 ಗಜದಲ್ಲಿ ನಿಂತು, ಎರಡು ಕೈಯಲ್ಲಿ ಹಿಡಿದು ಹಾರಿಸಿದರೆ ಏಳು ಗುಂಡುಗಳೂ ಅಂಗೈ ಅಗಲದೊಳಗೆ ಬೀಳುತ್ತವೆ. ನನ್ನಂಥ ಸಾಧಾರಣ ಗುರಿಕಾರನಿಗೆ ಪಿಸ್ತೂಲು ಇದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ.

ಕೊರತೆಗಳು ವಿನ್ಯಾಸದ ವಯಸ್ಸಿನಿಂದ ಬಂದವು. ಗುರಿ ನೋಡುವ ಮುಂದಿನ ಗೂಟ, ಹಿಂದಿನ ಕಚ್ಚು ಎರಡೂ ತೀರಾ ಸಣ್ಣವು. ನಲವತ್ತು ದಾಟಿದ ಕಣ್ಣಿಗೆ ಮಬ್ಬು ಬೆಳಕಿನಲ್ಲಿ ಅವು ಕಾಣುವುದೇ ಕಷ್ಟ. ಮುಂದಿನ ಗೂಟವನ್ನು ಸ್ಲೈಡಿಗೆ ಬಡಿದು ಕೂರಿಸಿರುವುದರಿಂದ ಮನೆಯಲ್ಲಿ ಬದಲಿಸಲಾಗದು. ಕೈ ದೊಡ್ಡದಿದ್ದವರಿಗೆ ಹಿಂಬದಿಯ ಸುತ್ತಿಗೆಯಾದ ಹ್ಯಾಮರ್ ಹಿಂದಕ್ಕೆ ಬರುವಾಗ ಹೆಬ್ಬೆರಳ ಬುಡದ ಚರ್ಮ ಕಚ್ಚುತ್ತದೆ. ಇವೆರಡೂ ತೊಂದರೆ ಕೊಡುತ್ತವೆ ಎನಿಸಿದರೆ ಜಿ.ಐ. ಮಾದರಿ ಕೊಂಡು ತಿದ್ದಿಸಲು ಹೋಗಬೇಡಿ. ತಿದ್ದುವ ಕೂಲಿಯೇ ಪಿಸ್ತೂಲಿನ ಅರ್ಧ ಬೆಲೆಯಾಗುತ್ತದೆ. ದೊಡ್ಡ ಗುರಿಗೂಟ, ಹ್ಯಾಮರ್ ಕಚ್ಚದಂತೆ ಕೈ ಕಾಯುವ ಅಗಲ ಬಾಲವಿರುವ ಮಾದರಿಗಳು ಇದೇ ಕಂಪನಿಯಲ್ಲಿ ಸ್ವಲ್ಪ ಹೆಚ್ಚಿನ ಬೆಲೆಗೆ ಸಿಗುತ್ತವೆ. ಮೊದಲೇ ಅದನ್ನು ತೆಗೆದುಕೊಳ್ಳಿ.

ನಿರ್ವಹಣೆ ನನಗೆ ಅತ್ಯಂತ ಪ್ರಿಯವಾದ ಭಾಗ. ಮ್ಯಾಗಜೀನ್ ತೆಗೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ, ಮೂತಿಯ ಕೆಳಗಿನ ಬಿರಡೆಯನ್ನು ಒತ್ತಿ ಬ್ಯಾರೆಲ್ಲಿನ ಮೂತಿಯ ಬಳೆಯಾದ ಬುಶಿಂಗ್ ತಿರುಗಿಸಿದರೆ ಪಿಸ್ತೂಲು ಸ್ವಚ್ಛಗೊಳಿಸಲು ಬೇಕಾದಷ್ಟು ಯಾವ ಉಪಕರಣವೂ ಇಲ್ಲದೆ ಕಳಚುತ್ತದೆ. ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡಿಯದಂತೆ ಬಿರಡೆಯ ಮೇಲೆ ಹೆಬ್ಬೆರಳು ಇರಲಿ. ಸ್ಲೈಡನ್ನು ತಡೆಹಿಡಿಯುವ ಸನ್ನೆಕೋಲಾದ ಸ್ಲೈಡ್ ಸ್ಟಾಪ್ ಮರಳಿ ಕೂರಿಸುವಾಗ ಅವಸರಪಟ್ಟರೆ ಫ್ರೇಮಿನ ಮೇಲೆ ಕಮಾನಿನಂಥ ಗೀರು ಬೀಳುತ್ತದೆ. ಹಳೆಯ ಪಿಸ್ತೂಲು ಕೊಳ್ಳುವವರು ಹಿಂದಿನ ಒಡೆಯನ ಕೈ ಎಂಥದ್ದೆಂದು ಈ ಗೀರಿನಿಂದಲೇ ಅಳೆಯುತ್ತಾರೆ. ಹಿಂದೊದೆತ ತಡೆಯುವ 16 ಪೌಂಡ್ ಬಲದ ರಿಕಾಯಿಲ್ ಸ್ಪ್ರಿಂಗನ್ನು ಎರಡು ಮೂರು ಸಾವಿರ ಗುಂಡಿಗೊಮ್ಮೆ ಬದಲಿಸಬೇಕು. ಹತ್ತು ಡಾಲರಿನ ಆಸುಪಾಸಿನ ಆ ವಸ್ತುವೇ ಫ್ರೇಮಿನ ಆಯುಷ್ಯ ಕಾಯುತ್ತದೆ.

ದೊಡ್ಡ ಖರ್ಚು ತೋಟಾದ್ದು. .45ರ ಬೆಲೆ 9 ಎಂ.ಎಂ.ಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ನಿಯಮಿತವಾಗಿ ಅಭ್ಯಾಸ ಮಾಡುವವರಿಗೆ ಒಂದೆರಡು ವರ್ಷಗಳಲ್ಲಿ ತೋಟಾದ ಖರ್ಚು ಪಿಸ್ತೂಲಿನ ಬೆಲೆಯನ್ನು ಮೀರುತ್ತದೆ. ಅಗ್ಗದ ಪಿಸ್ತೂಲಿನ ಪರ ನನ್ನ ವಾದಕ್ಕೆ ಇದೇ ಗಟ್ಟಿ ಕಾರಣ: ಕೋಲ್ಟ್‌ಗೆ ಕೊಡುವ ಹೆಚ್ಚುವರಿ ಐನೂರು ಡಾಲರಿಗೆ ಸಾವಿರದಷ್ಟು ತೋಟಾ ಬರುತ್ತವೆ. ಕೈ ಪಳಗಿಸುವುದು ಅವೇ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಾನೂನಿನ ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಕೊಳ್ಳುವುದನ್ನು ಸಂಯುಕ್ತ ಸರ್ಕಾರದ ಕಾನೂನು ನಿಷೇಧಿಸುತ್ತದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿದ್ದರೂ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ಅಡ್ಡಿಯಿಲ್ಲ. ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ನಮೂನೆ ತುಂಬಬೇಕು, ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ಅನುಮತಿಸಿದ ಮಾದರಿಗಳ ಪಟ್ಟಿಯೇ ಬೇರೆ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಪಿಸ್ತೂಲಿಗಿಂತ ಮೊದಲು ಉಕ್ಕಿನ ಪೆಟ್ಟಿಗೆ ಕೊಳ್ಳಿ.

ಇದನ್ನು ಮುಂದೆ ಊರಿಗೆ ಒಯ್ಯುವ ಆಸೆ ಬೇಡ. ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಬುಡದ ಅಂಚು ಹೊರಚಾಚದ .45 ತೋಟಾದ ಪಿಸ್ತೂಲು 9 ಎಂ.ಎಂ.ನೊಂದಿಗೆ ನಿಷೇಧಿತ ವರ್ಗದಲ್ಲಿದೆ. ಮರಳುವ ಯೋಚನೆ ಇದ್ದವರು ಇಲ್ಲಿಯೇ, ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಮಾರಬೇಕು. ಏನೂ ತಿದ್ದದ, ಪೆಟ್ಟಿಗೆ ಮತ್ತು ಮೂಲ ಮ್ಯಾಗಜೀನ್ ಸಹಿತವಾದ ಜಿ.ಐ. ಮಾದರಿಗೆ ಕೊಳ್ಳುವವರು ಬೇಗ ಸಿಗುತ್ತಾರೆ.