ಜಿಗ್‌ಬೀ ಅಂತ ಹೇಳಿ ವೈಫೈ ಬಲ್ಬ್ ಹಾಕಿ ಹೋದರು, ಬಾಕಿ ಹಣ ಕೊಡುವ ಮೊದಲು ಇದನ್ನು ಓದಿ

ಶಿವಮೊಗ್ಗ, ಭದ್ರಾವತಿ ಕಡೆ ಹೊಸ ಮನೆಗೆ ಸ್ಮಾರ್ಟ್ ಲೈಟ್ ಹಾಕಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಅಡ್ವಾನ್ಸ್ ಕೊಟ್ಟಾಗಿದ್ದರೆ ಉಳಿದ ದುಡ್ಡನ್ನು ಸದ್ಯಕ್ಕೆ ಕೈಯಲ್ಲೇ ಇಟ್ಟುಕೊಳ್ಳಿ. ಅಂಗಡಿ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದೊಂದು ಮುಗಿಯಲಿ.

ನಾನು ಕೇಳಿದ್ದು ಜಿಗ್‌ಬೀ, ಅಂದರೆ ಸ್ಮಾರ್ಟ್ ಬಲ್ಬುಗಳು ಮಾತಾಡಿಕೊಳ್ಳುವ ಒಂದು ಬಗೆಯ ವೈರ್‌ಲೆಸ್. ಬಾಯಲ್ಲೂ ಕೇಳಿದೆ, ವಾಟ್ಸಾಪಿನಲ್ಲಿ ಬರೆದೂ ಕೇಳಿದೆ, ಜಿಗ್‌ಬೀ. ಯಾಕೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿದರೆ ಎಲ್ಲೋ ಒಂದು ಮರ ಬೀಳುತ್ತೆ, ಫೈಬರ್ ಕಟ್ಟಾಗುತ್ತೆ, ಲೈನ್‌ಮನ್ ಬರುವವರೆಗೂ ಇಂಟರ್‌ನೆಟ್ ಇಲ್ಲ. ಜಿಗ್‌ಬೀ ಬಲ್ಬಿಗೆ ವೈಫೈ ಬೇಡ. ಮನೆಯೊಳಗೇ ಇರುವ ಹಬ್ (ಬಲ್ಬುಗಳನ್ನೆಲ್ಲ ನಡೆಸುವ ಸಣ್ಣ ಡಬ್ಬಿ) ಜೊತೆ ಮಾತಾಡುತ್ತೆ, ಹಬ್ ದೂರ ಇದ್ದರೆ ಪಕ್ಕದ ಬಲ್ಬಿನ ಮೂಲಕ ದಾಟಿಸುತ್ತೆ. ಹಬ್ ಸರಿಯಾದದ್ದಾದರೆ ಹೊರಗಿನ ಸರ್ವರ್ (ಕಂಪನಿಯ ಕಂಪ್ಯೂಟರ್) ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಸರ್ವರ್ ನಂಬಿ ಕೂತವರ ಪಾಡು ಗೊತ್ತಲ್ಲ, ಅಮೆರಿಕದಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಹೋಮ್ ಕಂಪನಿ 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಸರ್ವರ್ ನಿಲ್ಲಿಸಿಬಿಟ್ಟಿತ್ತು. ಇದನ್ನೆಲ್ಲ ಓದಿಕೊಂಡೇ ಅಂಗಡಿಗೆ ಹೋಗಿದ್ದು. ಆಸಾಮಿ ತಲೆಯಾಡಿಸಿ, "ಸಾರ್, ನೀವು ತಿಳ್ಕೊಂಡೋರು, ನಿಮ್ಮಂಥ ಕಸ್ಟಮರ್ ಸಿಕ್ಕಿದ್ರೆ ನಮಗೂ ಖುಷಿ" ಅಂದ. ಕೊಟೇಶನ್ನಿನಲ್ಲಿ ಚೆನ್ನಾಗಿ ಬರೆದೂ ಕೊಟ್ಟ: ಜಿಗ್‌ಬೀ 3.0 ಬಲ್ಬ್, ಒಂದಕ್ಕೆ 1,450 ರೂಪಾಯಿ, ಒಟ್ಟು 22. ಹಬ್ಬಿಗೆ 6,500. ಫಿಟಿಂಗ್ ಬೇರೆ.

ಗೃಹಪ್ರವೇಶದ ಹಿಂದಿನ ದಿನ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದ. "ಮೊಬೈಲ್ ಕೊಡಿ ಸಾರ್, ಸೆಟಪ್ ನಾನೇ ಮಾಡ್ತೀನಿ" ಅಂತ ನನ್ನದು, ನನ್ನ ಹೆಂಡತಿಯದು ಎರಡೂ ಫೋನ್ ಇಸಿದುಕೊಂಡ. ಟಿವಿ ಪಕ್ಕ ಕಪ್ಪಗಿನ ಒಂದು ದುಂಡು ಡಬ್ಬಿ ಇಟ್ಟು "ಇದೇ ಹಬ್" ಅಂದ. ಸ್ವಿಚ್ ಬೋರ್ಡುಗಳ ಮೇಲೆಲ್ಲ "ಆಫ್ ಮಾಡಬೇಡಿ" ಅಂತ ಸ್ಟಿಕ್ಕರ್ ಅಂಟಿಸಿದ, ಸ್ವಿಚ್ ಆರಿಸಿದರೆ ಮೆಶ್, ಅಂದರೆ ಬಲ್ಬಿನಿಂದ ಬಲ್ಬಿಗೆ ದಾಟಿಸುವ ಜಾಲ, ಹೋಗುತ್ತಂತೆ. ಆ ಮಾತು ಜಿಗ್‌ಬೀಗೆ ಸರಿಯಾದದ್ದೇ, ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಮಾರನೇ ದಿನ ಬಂದವರಿಗೆಲ್ಲ ಹಾಲ್ ನೀಲಿ ಮಾಡಿ ತೋರಿಸಿದ್ದು, ದೇವರ ಮನೆ ಅರಿಶಿನ ಬಣ್ಣ ಮಾಡಿ ತೋರಿಸಿದ್ದು, ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ. ಹೆಂಡತಿಯ ತಮ್ಮ "ಭಾವ, ನಮ್ಮನೆಗೂ ಇವರೇ ಇರಲಿ" ಅಂತ ಅಲ್ಲೇ ನಂಬರ್ ತಗೊಂಡು ಅಡ್ವಾನ್ಸೂ ಹಾಕಿಬಿಟ್ಟ. ಅವನ ಮುಂದೆ ಈಗ ಯಾವ ಮುಖ ಹೊತ್ತು ನಿಲ್ಲಲಿ?

ಮಳೆ ಶುರುವಾಯಿತು. ಒಂದು ರಾತ್ರಿ ಕರೆಂಟ್ ಹೋಗಿ ಎರಡು ಗಂಟೆ ಹೊತ್ತಿಗೆ ವಾಪಸ್ ಬಂತು. ಇಪ್ಪತ್ತೆರಡು ಬಲ್ಬೂ ಒಟ್ಟಿಗೆ, ಪೂರ್ತಿ ಬಿಳಿ ಬೆಳಕು. ಮಲಗುವ ಕೋಣೆ, ಬಚ್ಚಲು, ಜಗುಲಿ, ಎಲ್ಲ ಕಡೆ. ಅಮ್ಮ ಎದ್ದು ಕೂತು "ಬೆಳಗಾಯ್ತೇನೋ?" ಅಂದರು. ಆ್ಯಪ್ ತೆಗೆದರೆ ಎಲ್ಲ ಬಲ್ಬೂ ಆಫ್‌ಲೈನ್. ಫೈಬರ್ ಕಟ್ಟಾಗಿತ್ತು, ರೌಟರಿನಲ್ಲಿ ಕೆಂಪು ದೀಪ. ಸ್ಟಿಕ್ಕರ್ ಕಿತ್ತು ಕಿತ್ತು ಕೋಣೆ ಕೋಣೆಗೂ ಹೋಗಿ ಆರಿಸಿದೆ. (ಕರೆಂಟ್ ಬಂದಾಗ ತಾನೇ ಹತ್ತಿಕೊಳ್ಳುವುದು ಜಿಗ್‌ಬೀ ಬಲ್ಬಿನಲ್ಲೂ ಇದೆ, ಸುಮಾರು ಬಲ್ಬುಗಳಲ್ಲಿ ಅದನ್ನು ಬದಲಾಯಿಸುವ ಸೆಟ್ಟಿಂಗೂ ಇರುತ್ತೆ. ಅದನ್ನೂ ಅವನು ಮಾಡಿರಲಿಲ್ಲ.) ಆದರೆ ಇಂಟರ್‌ನೆಟ್ ಇಲ್ಲದಿದ್ದರೆ ಆಫ್‌ಲೈನ್ ಯಾಕಾಗಬೇಕು? ಜಿಗ್‌ಬೀ ತಾನೇ?

ಫೋನ್ ಮಾಡಿದೆ. "ನಿಮ್ಮ ರೌಟರ್ ವೀಕ್ ಸಾರ್." ಜಿಗ್‌ಬೀಗೂ ರೌಟರಿಗೂ ಏನಪ್ಪಾ ಸಂಬಂಧ ಅಂದರೆ, "ಸಂಬಂಧ ಇದೆ ಸಾರ್, ಅದು ಟೆಕ್ನಿಕಲ್." ಹೊಸ ರೌಟರ್ ಅವನ ಹತ್ತಿರವೇ ಇದೆಯಂತೆ, ನನಗೆ ಅಂತ ಡಿಸ್ಕೌಂಟ್ ಬೇರೆ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಗೆ ಬಂದಿದ್ದ. ರೌಟರ್ ಪೇಜ್ ತೆಗೆದು ಕನೆಕ್ಟ್ ಆಗಿರುವವುಗಳ ಪಟ್ಟಿ ನೋಡಿ ನಕ್ಕುಬಿಟ್ಟ. "ಮಾಮ, ಒಂದೊಂದು ಬಲ್ಬೂ ಇಲ್ಲಿ ಕೂತಿದೆ ನೋಡಿ. ಜಿಗ್‌ಬೀ ಆಗಿದ್ರೆ ಹಬ್ ಒಂದೇ ಕಾಣ್ಬೇಕಿತ್ತು." ಕೆಳಗೆ ಎಳೆದಷ್ಟೂ ಬಲ್ಬು. ಹಾಗಾದರೆ ಟಿವಿ ಪಕ್ಕ ಇರುವ ಹಬ್ ಏನು? ತಿರುಗಿಸಿದರೆ ಅಡಿಯಲ್ಲಿ ಅಂಗಡಿಯ ಹೆಸರಿನ ಸ್ಟಿಕ್ಕರ್. ಉಗುರಿನಿಂದ ಕೆರೆದೆ, ಮೂಲೆ ಎದ್ದಿತು, ಎಳೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಯೂನಿವರ್ಸಲ್ ಐಆರ್ ರಿಮೋಟ್. ಟಿವಿ, ಎಸಿ ರಿಮೋಟಿನ ಬದಲು ಇಡುವ ಡಬ್ಬಿ! ಬಲ್ಬಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಮನೆಯಲ್ಲಿ ಎಸಿ ಕೂಡ ಇಲ್ಲ. 6,500 ರೂಪಾಯಿ. ದಿನಾ ಬಟ್ಟೆಯಲ್ಲಿ ಧೂಳು ಒರೆಸಿ ಇಡುತ್ತಿದ್ದೆವು ಅದನ್ನು.

ಸ್ಟಿಕ್ಕರ್ ಕಿತ್ತ ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು. ಉತ್ತರ ಇಲ್ಲ. ಸಂಜೆಗೆ ಬಂತು: "ಸಾರ್ ಅದು ಕ್ಲೌಡ್ ಜಿಗ್‌ಬೀ."

ಕ್ಲೌಡ್ ಜಿಗ್‌ಬೀ! ಎಷ್ಟು ಸಲ ಓದಿದೆನೋ ಆ ಮೆಸೇಜನ್ನು. ಅಂಥದ್ದೊಂದು ಇಲ್ಲವೇ ಇಲ್ಲ ಅಂತ ಬರೆದೆ. "ಪ್ಯಾಕಿಂಗ್ ಮಾತ್ರ ಬೇರೆ ಸಾರ್, ಟೆಕ್ನಾಲಜಿ ಸೇಮ್." ಹಾಗಾದರೆ ದುಡ್ಡು ವಾಪಸ್ ಕೊಡು ಅಂದೆ. "ವಾರಂಟಿ ಬಲ್ಬಿಗೆ ಸಾರ್, ಕನೆಕ್ಷನ್‌ಗೆ ಅಲ್ಲ. ಬಲ್ಬ್ ಉರೀತಿದೆ ಅಲ್ವಾ?" ಉರೀತಿದೆ ಅಲ್ವಾ ಅಂತೆ. ಉರಿಯುವ ಬಲ್ಬ್ ಬೇಕಿದ್ದರೆ ಪಕ್ಕದ ಕಿರಾಣಿ ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುತ್ತಿತ್ತಲ್ಲ ಮಾರಾಯ. ಇಂಥದ್ದೇ ಬಣ್ಣದ ವೈಫೈ ಬಲ್ಬುಗಳು ಆನ್‌ಲೈನ್‌ನಲ್ಲಿ ಐನೂರು, ಆರುನೂರಕ್ಕೆ ಇವೆ.

ಇನ್ನೊಂದು ಬಾಕಿ ಇದೆ. ಎಲ್ಲ ತೆಗೆದು ನಾವೇ ಹೊಸದಾಗಿ ಜೋಡಿಸೋಣ ಅಂತ ಆ್ಯಪಿನಲ್ಲಿ ಮನೆಯ ಸೆಟ್ಟಿಂಗ್ ತೆಗೆದೆವು. ಅಲ್ಲಿ ಓನರ್ ಅಂತ ಅವನ ನಂಬರ್. ನಾನು, ನನ್ನ ಹೆಂಡತಿ ಬರೀ ಮೆಂಬರ್. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ನಾನು ಮೆಂಬರ್! ಅಂದರೆ ಇಷ್ಟು ದಿನ ನಮ್ಮ ಮನೆಯ ದೀಪ ಯಾವಾಗ ಹತ್ತಿತು, ಯಾವಾಗ ಆರಿತು ಅಂತ ಅವನು ಅಂಗಡಿಯಲ್ಲಿ ಕೂತೇ ನೋಡಬಹುದಿತ್ತು. ಮಲಗುವ ಕೋಣೆಯದ್ದೂ. ಕೇಳಿದ್ದಕ್ಕೆ ಏನಂದ ಗೊತ್ತೇ? "ಅಡ್ಮಿನ್ ಕೊಟ್ರೆ ಕಸ್ಟಮರ್ಸ್ ಏನೇನೋ ಒತ್ತಿ ಹಾಳು ಮಾಡ್ಕೋತಾರೆ ಸಾರ್, ನಿಮ್ಮ ಒಳ್ಳೇದಕ್ಕೇ." ಅದನ್ನು ಓದಿ ಹೆಂಡತಿ ಅವತ್ತೇ ಎಲ್ಲ ಬಲ್ಬ್ ಬಿಚ್ಚಿಸಿದಳು. ಈಗ ಮಾಮೂಲಿ ಬಲ್ಬುಗಳೇ ಉರಿಯುತ್ತಿವೆ.

ನೀವು ಹಾಕಿಸುವುದಾದರೆ, ದುಡ್ಡು ಕೊಡುವ ಮೊದಲು ಅವರ ಎದುರೇ ರೌಟರಿನ ಫೈಬರ್ ವೈರ್ ತೆಗೆಯಿರಿ, ಈಗ ಬಲ್ಬ್ ಹತ್ತಿಸಿ ತೋರಿಸು ಅನ್ನಿ. ರೌಟರ್ ಪಟ್ಟಿ ನೋಡಿ. ಅಕೌಂಟ್ ನಿಮ್ಮ ನಂಬರಿನಲ್ಲೇ ಮಾಡಿಸಿ, ಫೋನ್ ಅವರ ಕೈಗೆ ಕೊಡಬೇಡಿ. ಬಿಲ್ ಓದಿ: ನನ್ನ ಕೊಟೇಶನ್ನಿನಲ್ಲಿ ಜಿಗ್‌ಬೀ 3.0, ಬಿಲ್ಲಿನಲ್ಲಿ ಬರೀ "ಸ್ಮಾರ್ಟ್ ಲ್ಯಾಂಪ್ 9 ವ್ಯಾಟ್". ಡಬ್ಬಿಯ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. ನನ್ನ ಡಬ್ಬಿಗಳಲ್ಲಿ ಅದೂ ಇರಲಿಲ್ಲ. ಮ್ಯಾಟರ್ (ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಮಾನು ಒಟ್ಟಿಗೆ ಕೆಲಸ ಮಾಡಲಿ ಅಂತ ಮಾಡಿದ ಮಾನದಂಡ) ಅಂತ ಹೊಸ ಹೆಸರು ಹೇಳಿಯೂ ಮಾರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಬಂದದ್ದು, ಒಳ್ಳೆಯದೇ, ಆದರೆ ಅದು ವೈಫೈ ಮೇಲೂ ಓಡುತ್ತೆ, ಥ್ರೆಡ್ (ಜಿಗ್‌ಬೀ ಥರದ್ದೇ ಇನ್ನೊಂದು ಮೆಶ್) ಮೇಲೂ ಓಡುತ್ತೆ. ಯಾವುದು ಅಂತ ಬಿಲ್ಲಿನಲ್ಲಿ ಬರೆಸಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಐದು ಲಕ್ಷದೊಳಗಿನದ್ದಕ್ಕೆ ಅಲ್ಲಿ ಶುಲ್ಕವೇ ಇಲ್ಲ. ಕೊಟೇಶನ್, ಬಿಲ್, ಕ್ಲೌಡ್ ಜಿಗ್‌ಬೀ ಮೆಸೇಜು ಎಲ್ಲ ಪ್ರಿಂಟ್ ತೆಗೆದಿಟ್ಟಿದ್ದೇನೆ. ದೂರಿನ ಸುದ್ದಿ ತಲುಪಿರಬೇಕು, ನಿನ್ನೆ ಮತ್ತೆ ಮೆಸೇಜ್ ಬಂದಿದೆ: "ಸಾರ್, ಹಳೇ ಬಲ್ಬ್ ವಾಪಸ್ ಕೊಡಿ, ಡಿಫರೆನ್ಸ್ ಅಮೌಂಟ್ ಕೊಟ್ರೆ ಒರಿಜಿನಲ್ ಜಿಗ್‌ಬೀ ಹಾಕ್ಕೊಡ್ತೀನಿ." ಅದನ್ನೂ ಪ್ರಿಂಟ್ ತೆಗೆದೆ. ಭಾವಮೈದನ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.