ರೇಡಿಯೇಷನ್ ಆದ ಬಾಯಿಗೆ ಫ್ಲೋರೈಡ್ ಟ್ರೇ: ಏನು ನೋಡಿ ಕೊಳ್ಳಬೇಕು, ಹೇಗೆ ಬಳಸಬೇಕು

ತಲೆ, ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ, ಬಂದಷ್ಟೂ ಅಂಟಂಟು. ಆಮ್ಲ ಹಲ್ಲಿನ ಮೇಲೇ ನಿಂತುಬಿಡುತ್ತದೆ. ಹುಳುಕು ಶುರುವಾಗುವುದು ವಸಡಿನ ಅಂಚಿನಲ್ಲಿ: ಮೊದಲು ಸುಣ್ಣ ಬಳಿದಂಥ ಬಿಳಿ ಗೆರೆ, ಆಮೇಲೆ ಕಂದು ಪಟ್ಟಿ, ಕೊನೆಗೆ ಹಲ್ಲು ಬುಡದಲ್ಲೇ ಲಟಕ್ಕನೆ ಮುರಿಯುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಇದನ್ನು ತಡೆಯಲು 1.1% ಸೋಡಿಯಂ ಫ್ಲೋರೈಡ್ ಜೆಲ್, ಜೊತೆಗೆ ಬಾಯಿಯ ಅಚ್ಚು ತೆಗೆಸಿ ಮಾಡಿಸಿದ, ಹಲ್ಲಿನ ಸಾಲಿನ ಮೇಲೆ ಕೂರುವ ಮೆತ್ತನೆಯ ಟ್ರೇ, ಇವೆರಡನ್ನೂ ಧೈರ್ಯವಾಗಿ ಶಿಫಾರಸು ಮಾಡಬಹುದು.

ಈ ಜೆಲ್ಲಿನಲ್ಲಿ ಫ್ಲೋರೈಡ್ 5000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 5000 ಭಾಗ. ಮಾಮೂಲಿ ಪೇಸ್ಟಿನಲ್ಲಿ 1000ದಿಂದ 1500. ಟ್ಯೂಬಿನ ಮೇಲೆ ‘ನ್ಯೂಟ್ರಲ್’ (ಆಮ್ಲೀಯವಲ್ಲದ್ದು) ಎಂದಿದೆಯೇ ನೋಡಿ. ಆಮ್ಲೀಯ ಜೆಲ್ ಒಣಗಿದ ಬಾಯಿಯನ್ನು ಉರಿಸುತ್ತದೆ, ಸೆರಾಮಿಕ್ ಕ್ಯಾಪಿನ ಹೊಳಪನ್ನೂ ತಿನ್ನುತ್ತದೆ. ಘಾಟು ಪುದೀನ ರುಚಿಯದೂ ಬೇಡ.

ಟ್ರೇ ಕೈಗೆ ಬಂದ ದಿನವೇ ಹಾಕಿಕೊಂಡು ಕನ್ನಡಿಯಲ್ಲಿ ನೋಡಿ. ಅದರ ಅಂಚು ಹಲ್ಲಿನ ಬುಡ ದಾಟಿ ವಸಡಿನ ಮೇಲೆ ಒಂದೆರಡು ಮಿಲಿಮೀಟರ್ ಬಂದಿರಲೇಬೇಕು. ಬುಡ ಮುಟ್ಟದೆ ನಿಂತರೆ ಹುಳುಕು ಹಿಡಿಯುವ ಜಾಗಕ್ಕೇ ಜೆಲ್ ಸೇರುವುದಿಲ್ಲ. ಅಂಚು ಚುಚ್ಚಿದರೆ ಅಲ್ಲೇ ಉಜ್ಜಿಸಿ ನಯ ಮಾಡಿಸಿ. ರೇಡಿಯೇಷನ್ ತಗುಲಿದ ವಸಡಿನ ಗಾಯ ಬೇಗ ಮಾಯುವುದಿಲ್ಲ.

ರಾತ್ರಿ ಹಲ್ಲುಜ್ಜಿ, ಸಂದುಗಳಲ್ಲಿ ಸಿಕ್ಕಿದ್ದನ್ನು ಫ್ಲಾಸ್ ದಾರದಿಂದ ತೆಗೆದು, ಟ್ರೇ ಉದ್ದಕ್ಕೂ ತೆಳುವಾಗಿ ಒಂದು ಎಳೆ ಜೆಲ್ ಹಾಕಿ. ಹೊರಗೆ ಉಕ್ಕಿ ಬಂದರೆ ಹೆಚ್ಚಾಯಿತೆಂದೇ ಅರ್ಥ. 5ರಿಂದ 10 ನಿಮಿಷ ಇಟ್ಟು, ನುಂಗದೆ ಉಗಿಯಿರಿ. ಆಮೇಲೆ ಅರ್ಧ ಗಂಟೆ ಬಾಯಿ ಮುಕ್ಕಳಿಸಬಾರದು, ನೀರೂ ಕುಡಿಯಬಾರದು. ಬಾಯಿ ಒಣಗುವವರಿಗೆ ಕಷ್ಟವಾಗುವುದು ಈ ಅರ್ಧ ಗಂಟೆಯೇ, ಆದ್ದರಿಂದ ಟ್ರೇ ಹಾಕುವ ಮುಂಚೆಯೇ ನೀರು ಕುಡಿದುಬಿಡಿ. ಟ್ರೇ ತೊಳೆಯಲು ತಣ್ಣೀರೇ ಆಗಬೇಕು, ಬಿಸಿನೀರಿಗೆ ಸೊಟ್ಟಗಾಗುತ್ತದೆ.

ಕೊರತೆಗಳೂ ಇವೆ. ಬಾಯಿ ಪೂರ್ತಿ ತೆರೆಯಲಾಗದವರಿಗೆ ಟ್ರೇ ಒಳಗೆ ಹೋಗುವುದೇ ಇಲ್ಲ. ಅಂಥವರಿಗೆ 5000 ಪಿಪಿಎಂ ಪೇಸ್ಟೇ ದಾರಿ, ದಿನಕ್ಕೆರಡು ಸಲ ಉಜ್ಜಿ ಉಗಿದು, ಮುಕ್ಕಳಿಸದೆ ಬಿಡಬೇಕು. ಹೊಸ ಕ್ಯಾಪ್ ಕೂರಿಸಿದರೆ ಹಳೆಯ ಟ್ರೇ ಕೂರದೆ ಹೋಗಬಹುದು. ಜೊಲ್ಲು ಮರಳದಿದ್ದರೆ ಇದು ಬದುಕಿಡೀ ಮಾಡಬೇಕಾದ ಕೆಲಸ. ಆಗಲೇ ಬಿದ್ದ ಕುಳಿಯನ್ನಂತೂ ಜೆಲ್ ಮುಚ್ಚುವುದಿಲ್ಲ, ಅದನ್ನು ತುಂಬಿಸಲೇಬೇಕು.

ಹಾಗೆಂದು ಅವಸರದಲ್ಲಿ ಹಲ್ಲು ಕೀಳಿಸಬೇಡಿ. ಹೆಚ್ಚು ಡೋಸ್ ಬಿದ್ದ ದವಡೆ ಮೂಳೆಗೆ ರಕ್ತ ಸಂಚಾರ ಕಡಿಮೆ. ಕಿತ್ತ ಜಾಗ ಮಾಯದೆ ಮೂಳೆಯೇ ಸಾಯಬಹುದು. ಎಲ್ಲಿಗೆ, ಎಷ್ಟು ಗ್ರೇ (ರೇಡಿಯೇಷನ್ ಡೋಸಿನ ಅಳತೆ) ರೇಡಿಯೇಷನ್ ಕೊಟ್ಟರೆಂಬ ಚೀಟಿಯನ್ನು ದಂತವೈದ್ಯರಿಗೆ ಮೊದಲೇ ತೋರಿಸಿ.